ಬಟ್ಟೆ ಬಾಗಿಲಿನ ನಡುಮನೆ

ಕೊಟ್ಟೂರಿನಲ್ಲಿ ಸಿಮೆಂಟು, ಕಬ್ಬಿಣ ಮಾರುವ ಶಿವಯೋಗಪ್ಪನವರು ತಮ್ಮ ಹೊಸ ಮನೆಗೆ ಮಣ್ಣಿನ ಗಿಲಾವು ಮಾಡಿಸುತ್ತಾರಂತೆ ಎಂಬ ಸುದ್ದಿ ಪಾಯ ತೋಡುವ ಮೊದಲೇ ಊರೆಲ್ಲ ಹಬ್ಬಿತು. ಸರಳು ಕೊಳ್ಳಲು ಬಂದ ಗಿರಾಕಿಗಳು ತೂಕ ಮುಗಿಯುವವರೆಗೆ ಸುಮ್ಮನಿದ್ದು, ಹೊರಡುವಾಗ, ಸಾವ್ಕಾರರ ಮನೆಗೇ ಸಿಮೆಂಟು ಸಾಲದೇ ಬಂತೇ ಎಂದು ಕೇಳಿ ನಗುತ್ತಿದ್ದರು. ಶಿವಯೋಗಪ್ಪನವರು ಆ ನಗೆಯನ್ನು ಅಂಗಡಿಯಿಂದ ಹೊತ್ತು ತಂದು ಊಟದ ಹೊತ್ತಿಗೆ ಮನೆಯಲ್ಲಿ ಇಳಿಸುತ್ತಿದ್ದರು.

ಇದಕ್ಕೆಲ್ಲ ಕಾರಣ ಸೊಸೆ ಅಮೃತಾ. ಹಡಗಲಿಯ ಮೇಷ್ಟರ ಮಗಳು; ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ ಬಂದವಳು. ಅಲ್ಲಿ ಅವಳಿಗೆ ಪಾಠ ಹೇಳಿದ ಮೇಡಂ ಒಬ್ಬರು ಕೆಲವು ವರ್ಷ ಜಪಾನಿನಲ್ಲಿದ್ದು ಬಂದಿದ್ದರು. ಅವರು ಗೋಡೆಯ ಮೇಲೆ ಸ್ಲೈಡ್ ಬಿಟ್ಟು ತೋರಿಸುತ್ತಿದ್ದ ಚಿತ್ರಗಳಲ್ಲಿ ಹುಲ್ಲು ಬೆರೆಸಿದ ಮಣ್ಣಿನ ಗೋಡೆ, ಬಿದಿರಿನ ಚಾವಣಿ, ಚಾಪೆ ಹಾಸಿದ ನೆಲ, ಪಕ್ಕಕ್ಕೆ ಸರಿಯುವ ಕಾಗದದ ಬಾಗಿಲು ಇವೆಲ್ಲ ಇದ್ದವು. ಉಳಿದ ಹುಡುಗಿಯರು ಜಪಾನು ನೋಡಿದರೆ ಅಮೃತಾ ತನ್ನ ಅಜ್ಜಿಯ ಮನೆ ನೋಡುತ್ತಿದ್ದಳು. ಮಣ್ಣು, ಹುಲ್ಲು, ಬಿದಿರು ನಮ್ಮಲ್ಲೂ ಇವೆ, ನೆಲದ ಮೇಲೆ ಕೂತು ಉಣ್ಣುವವರು ನಾವೂ ಹೌದು, ಅವರು ಅದನ್ನೇ ಅಂದವಾಗಿ ಮಾಡಿಕೊಂಡರು, ನಾವು ನಾಚಿಕೆ ಮಾಡಿಕೊಂಡೆವು ಎಂದು ಅವಳ ವಾದ. ಗಂಡ ಕೊಟ್ರಸ್ವಾಮಿಗೆ ಈ ವಾದ ಪೂರ್ತಿ ತಿಳಿಯದಿದ್ದರೂ ಹೆಂಡತಿ ಹೇಳುವ ರೀತಿ ಹಿಡಿಸಿತ್ತು. ಕೂಡ್ಲಿಗಿ ರಸ್ತೆಯ ಸೈಟಿನಲ್ಲಿ ಮನೆ ಕಟ್ಟಿಸುವಾಗ ನಕ್ಷೆ ನಿನ್ನದೇ ಎಂದು ಮದುವೆಯಾದ ಹೊಸದರಲ್ಲಿ ಮಾತು ಕೊಟ್ಟುಬಿಟ್ಟಿದ್ದ.

ಎರಡು ಸಾವಿರದ ಎರಡನೆಯ ಇಸವಿಯ ಬೇಸಿಗೆಯಲ್ಲಿ ಆ ಮಾತು ಮನೆಯ ನಡುವೆ ಬಂದು ಕೂತಿತು. ಅತ್ತೆ ನಾಗಲಿಂಗಮ್ಮನಿಗೆ ಎದುರು ಬೀದಿಯ ಯರ್ರೆಪ್ಪನವರ ಮನೆಯಲ್ಲಿದ್ದಂಥ ಹೊಳೆಯುವ ಮಾರ್ಬಲ್ ಹಾಲು ಬೇಕಿತ್ತು. ಮಾವನಿಗೆ ಮರ್ಯಾದೆ ಬೇಕಿತ್ತು.

"ಸಿಮೆಂಟ್ ಹೊತ್ತು ಹೊತ್ತು ನನ್ನ ಮೈಯೆಲ್ಲ ಬೂದಿ ಆಗೇತಿ," ಎಂದರು ಶಿವಯೋಗಪ್ಪ ಒಂದು ದಿನ ರೊಟ್ಟಿ ಮುರಿಯುತ್ತ. "ಈಗ ಮಣ್ಣಿನ ಮನ್ಯಾಗ ಹೋಗಿ ಕುಂತ್ರ ಮಂದಿ ನನ್ನ ಅಂಗಡಿಗಿ ಯಾಕ ಬರ್ತಾರವ್ವ?"

ನಾಗಲಿಂಗಮ್ಮ ಪುಂಡಿಪಲ್ಯ ಬಡಿಸುತ್ತ ಗಂಡನ ಮಾತಿಗೆ ತನ್ನದೊಂದು ಸೇರಿಸಿದಳು: ಮಾರ್ಬಲ್ ಹಾಕಿಸಿದರೆ ಒರೆಸುವುದೂ ಸುಲಭ, ನೋಡುವುದಕ್ಕೂ ಲಕ್ಷಣ.

ಆಗ ಮಾತಾಡಿದವಳು ಗೀತಾಂಜಲಿ. ಅವಳು ಆ ಮನೆಯ ಹಿರಿಯ ಮಗಳು, ಕೊಟ್ರಸ್ವಾಮಿಯ ಅಕ್ಕ. ಹರಪನಹಳ್ಳಿಯ ದೊಡ್ಡ ಮನೆತನಕ್ಕೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಅದೇ ಮನೆಗೆ ಕರೆತಂದು ಇಟ್ಟುಕೊಂಡ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರದ ಜೊತೆ ತವರಿಗೆ ಬಂದಿದ್ದಳು. ಹಳೇ ಮನೆಯಲ್ಲಿ ಕಾಳು ಕಡ್ಡಿ ಇಡುತ್ತಿದ್ದ ಕೋಣೆ ಅವಳದಾಗಿತ್ತು. ಅಲ್ಲೇ ಊರ ಹೆಂಗಸರ ಕುಬಸ ಹೊಲಿಯುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು. ಊಟದ ಹೊತ್ತಿನಲ್ಲಿ ಬಡಿಸುವುದಲ್ಲದೆ ಹೆಚ್ಚು ಮಾತಿಗೆ ಬರುತ್ತಿರಲಿಲ್ಲ.

"ಮಾರ್ಬಲ್ಲಿನ ಮನಿ ನಾ ಬಾಳಿ ಬಂದೀನಪ್ಪ," ಎಂದಳು. "ಕಾಲಿಗೆ ತಣ್ಣಗಿತ್ತು, ಅಷ್ಟ. ಆಕಿ ಓದ್ಯಾಳ, ಆಕಿ ಕಟ್ಟಲಿ ಬಿಡು."

ಶಿವಯೋಗಪ್ಪನವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗಳ ಸಂಸಾರದ ಮಾತು ಬಂದಾಗಲೆಲ್ಲ ಅವರು ಹೀಗೇ ಆಗುತ್ತಿದ್ದರು. ಆ ಸಂಬಂಧ ಕುದುರಿಸಿದ್ದು ಅವರೇ. ಮಾರನೆಯ ದಿನ ಅಂಗಡಿಗೆ ಹೋಗುವ ಮುಂಚೆ, ಹಂಗಾದ್ರ ಹಂಗ ಆಗಲಿ ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟರು.

ಅಮೃತಾ ಅಂದು ಸಂಜೆಯೇ ನಕ್ಷೆಯನ್ನು ಚಾಪೆಯ ಮೇಲೆ ಹರವಿ ಎಲ್ಲರಿಗೂ ತೋರಿಸಿದಳು. ಮುಂದೆ ಪಡಸಾಲೆ, ಅತ್ತೆ ಮಾವನ ಕೋಣೆ, ತಮ್ಮಿಬ್ಬರ ಕೋಣೆ, ಅಡಿಗೆ ಮನೆ, ಉತ್ತರದ ಬೆಳಕು ಬೀಳುವಂತೆ ತನ್ನದೊಂದು ಕೆಲಸದ ಕೋಣೆ. ಇವೆಲ್ಲದರ ನಡುವೆ ದೊಡ್ಡದೊಂದು ನಡುಮನೆ. ಮಾವ ಮಣ್ಣಿನ ಗೋಡೆ ಮಳೆಗೆ ತಡೆಯುತ್ತದೆಯೇ ಎಂದು ಕೇಳಿದರು. ಸೂರು ಮುಂದಕ್ಕೆ ಚಾಚಿದೆ, ಗೋಡೆಗೆ ಹನಿ ಮುಟ್ಟುವುದಿಲ್ಲ ಎಂದು ಅವಳು ವಿವರಿಸಿದಳು. ಅತ್ತೆ ದೇವರ ಜಗಲಿ ಎಲ್ಲಿ ಎಂದು ಕೇಳಿದಳು. ಅದನ್ನೂ ತೋರಿಸಿದಳು. ಎಲ್ಲರೂ ಎದ್ದ ಮೇಲೆ ಗೀತಾಂಜಲಿ ಬಂದು ಬಗ್ಗಿ ನೋಡಿದಳು.

"ನಂದು ಯಾವುದು?"

ಅಮೃತಾ ಈ ಪ್ರಶ್ನೆಗೆ ತಯಾರಾಗಿಯೇ ಇದ್ದಳು. "ಇದ ನೋಡ್ರಿ ಅಕ್ಕಾರ, ನಡುಮನಿ. ಹಗಲೊತ್ತು ಎಲ್ಲರೂ ಕುಂದ್ರಾಕ, ರಾತ್ರಿ ಬಾಗಿಲು ಎಳಕೊಂಡ್ರ ನಿಮ್ಮ ಕೋಣಿ. ಹಾಸಿಗಿ ಗೋಡಿ ಕಪಾಟಿನ್ಯಾಗ ಇಟ್ಟುಬಿಡೋದು. ಜಪಾನಿನ್ಯಾಗ ಎಲ್ಲಾರೂ ಹಿಂಗ ಮಾಡ್ತಾರ."

ಗೀತಾಂಜಲಿ ಸ್ವಲ್ಪ ಹೊತ್ತು ನೋಡಿದಳು. "ಚಲೋ ಆತು. ಎಲ್ಲಾದ್ರಕಿಂತ ದೊಡ್ಡದೈತಿ," ಎಂದಳು. ಆ ಮೇಲೆ, ಯಂತ್ರ ಎಲ್ಲಿಡಲಿ ಎಂದು ಕೇಳಿದಳು. ಹಿತ್ತಲ ಕಟ್ಟೆಯ ಮೇಲೆ ಸೂರಿನ ನೆರಳಿದೆ ಎಂದು ಅಮೃತಾ ಹೇಳಿದಳು.

ಕೆಲಸ ಶುರುವಾಯಿತು. ಕೆಮ್ಮಣ್ಣು ತರಿಸಿ, ನವಣೆ ಹುಲ್ಲು ಕತ್ತರಿಸಿ ಬೆರೆಸಿ, ನೀರು ಹಾಕಿ ಗುಂಡಿಯಲ್ಲಿ ಕೊಳೆಯಲು ಬಿಟ್ಟರು. ಆ ವಾಸನೆಗೆ ಆಚೀಚೆ ಮನೆಯವರು ಸೆರಗು ಮೂಗಿಗೆ ಹಿಡಿದುಕೊಂಡು ಓಡಾಡಿದರು. ನಾಗಲಿಂಗಮ್ಮ ಒಂದು ಸಲ ಬಂದವಳು ಮತ್ತೆ ಆ ಕಡೆ ಸುಳಿಯಲಿಲ್ಲ. ಬಂದು ನಿಂತವಳು ಗೀತಾಂಜಲಿ. ಬೆಳಗಿನ ರೊಟ್ಟಿ ಬಡಿದು ಮುಗಿಸಿ, ತಮ್ಮನ ಸ್ಕೂಟರಿನ ಹಿಂದೆ ಕೂತು ಬಂದು, ಸೀರೆ ಎತ್ತಿಕಟ್ಟಿ ಕೂಲಿ ಹೆಂಗಸರ ಜೊತೆ ಮಣ್ಣು ತುಳಿಯುತ್ತಿದ್ದಳು. ಬ್ಯಾಡ್ರಿ ಎಂದರೆ, ಮನೆಯಲ್ಲಿ ಕೂತರೆ ಕಾಲು ಹಿಡಿಯುತ್ತವೆ ಎನ್ನುತ್ತಿದ್ದಳು. ಜೇಕು ಹುಲ್ಲಿನ ಚಾಪೆಗಳಿಗೆ ಕರೀ ಬಟ್ಟೆಯ ಅಂಚು ಹೊಲಿದುಕೊಟ್ಟವಳೂ ಅವಳೇ.

ನಡುಮನೆಯ ಬಾಗಿಲುಗಳಿಗೆ ಅಮೃತಾ ಕೈಕಾಗದ ತರಿಸಿದ್ದಳು. ಬಡಗಿ ಮಂಜಣ್ಣ ಮರದ ಚೌಕಟ್ಟು ಮಾಡಿ ಅಂಟಿಸಿದ. ಮೊದಲ ಗಾಳಿಗೇ ಅದು ಹರಿಯಿತು. ಕೊಟ್ಟೂರಿನ ಬಿಸಿಲು, ದೂಳಿಗೆ ಕಾಗದ ನಿಲ್ಲುವಂತಿರಲಿಲ್ಲ. ಅಮೃತಾ ತಲೆ ಮೇಲೆ ಕೈ ಹೊತ್ತು ಕೂತಾಗ, ತೆಳು ಖಾದಿಗೆ ಗಂಜಿ ಹಾಕಿ ಬಿಗಿದರೆ ಹೇಗೆ ಎಂದು ಗೀತಾಂಜಲಿ ಕೇಳಿದಳು. ನಾದಿನಿ ಅತ್ತಿಗೆ ಇಬ್ಬರೂ ಕೂತು ಎಲ್ಲ ಬಾಗಿಲಿಗೂ ಬಟ್ಟೆ ಬಿಗಿದರು. ಬೆಳಕು ಹಾಲಿನ ಹಾಗೆ ಒಳಗೆ ಇಳಿಯಿತು. ಅಮೃತಾ ಸಂತೋಷಕ್ಕೆ ಗೀತಾಂಜಲಿಯ ಕೈ ಹಿಡಿದುಕೊಂಡಳು. ಇಬ್ಬರ ಕೈಯೂ ಗಂಜಿಯಿಂದ ಅಂಟಂಟಾಗಿತ್ತು.

ದಸರೆಗೆ ಮುಂಚೆ ಗೃಹಪ್ರವೇಶವಾಯಿತು. ನಗುತ್ತಿದ್ದ ಗಿರಾಕಿಗಳು ಬಂದು ಚಾಪೆಯ ಮೇಲೆ ಕೂತು, ಫ್ಯಾನಿಲ್ಲದೆ ಇಷ್ಟು ತಂಪೇ ಎಂದು ಗೋಡೆ ಸವರಿ ನೋಡಿದರು. ಶಿವಯೋಗಪ್ಪನವರು ಬಂದವರಿಗೆಲ್ಲ ಹುಲ್ಲು, ಮಣ್ಣಿನ ಲೆಕ್ಕ ಹೇಳತೊಡಗಿದರು. ಹಳೇ ಮನೆಯನ್ನು ಸಿಮೆಂಟಿನ ಗೋದಾಮು ಮಾಡಿಕೊಂಡರು.

ಹೊಸ ಮನೆಯ ದಿನಗಳು ಹೊಂದಿಕೊಂಡವು. ಗೀತಾಂಜಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು, ಏಳಲೇಬೇಕಿತ್ತು. ಅಪ್ಪ ಬಚ್ಚಲಿಗೆ ಹೋಗಲು ನಡುಮನೆ ದಾಟಬೇಕು. ಅವರು ಕೆಮ್ಮಿದ ಸದ್ದು ಕೇಳಿದೊಡನೆ ಅವಳು ಹಾಸಿಗೆ ಸುತ್ತಿ ಕಪಾಟಿಗೆ ತುರುಕಿ ತಲೆ ಬಾಚಿಕೊಳ್ಳಲು ಹಿತ್ತಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ತಲೆನೋವೆಂದರೂ ಅಡ್ಡಾಗಲು ಜಾಗವಿರಲಿಲ್ಲ. ಯಾರಾದರೂ ಮನೆ ನೋಡಲು ಬರುತ್ತಲೇ ಇರುತ್ತಿದ್ದರು. ಒಂದು ದಿನ ಅವಳು ಅಡಿಗೆ ಮನೆಯ ಗೋಡೆಗೆ ಒರಗಿ ಕೂತೇ ನಿದ್ದೆ ಹೋಗಿದ್ದನ್ನು ಅಮೃತಾ ನೋಡಿದಳು. ನೋಡಿ, ಸದ್ದಾಗದಂತೆ ಈಚೆ ಬಂದು ತನ್ನ ಕೆಲಸದ ಕೋಣೆಗೆ ಹೋದಳು. ಅಲ್ಲಿ ನಕ್ಷೆಯ ಹಲಗೆ ಮತ್ತು ಒಂದು ಸ್ಟೂಲು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳಿಗೆ ಕೆಲಸ ಕೊಡುವ ಗಿರಾಕಿಗಳು ಇನ್ನೂ ಯಾರೂ ಬಂದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿಯಿಂದ ಮೇಡಂ ಬರುತ್ತೇನೆಂದು ಫೋನು ಮಾಡಿದರು. ಅಮೃತಾ ಗೋಡೆಯ ಮೇಲಿನ ಕ್ಯಾಲೆಂಡರು ತೆಗೆದಳು. ಅತ್ತೆಯ ಪ್ಲಾಸ್ಟಿಕ್ ಹೂವಿನ ಹಾರ ಬಿಚ್ಚಿಸಿದಳು. ಹಿತ್ತಲಿಗೆ ಹೋಗಿ, ಯಂತ್ರವನ್ನು ಸ್ವಲ್ಪ ಬಚ್ಚಲ ಹಿಂದಕ್ಕೆ ಸರಿಸೋಣ, ಮೇಡಂ ಫೋಟೋ ತೆಗೆಯಬಹುದು ಎಂದು ಗೀತಾಂಜಲಿಗೆ ಹೇಳಿದಳು. ಇಬ್ಬರೂ ಸೇರಿ ಎತ್ತಿ ಇಟ್ಟರು. ಹೊಲಿಗೆಗೆ ಬಂದ ಬಟ್ಟೆಗಳ ಗಂಟನ್ನು ಗೀತಾಂಜಲಿ ತಾನೇ ಒಯ್ದು ಸೌದೆಯ ಮೇಲಿಟ್ಟಳು.

ಮೇಡಂ ಬಂದು ಮನೆಯ ಮೂಲೆ ಮೂಲೆ ನೋಡಿದರು. ಸೂರು ನೋಡಿದರು, ಗೋಡೆ ಮುಟ್ಟಿ ನೋಡಿದರು, ಜಪಾನನ್ನು ಇಲ್ಲಿಗೆ ತಂದಿಲ್ಲ, ಅದನ್ನು ನೋಡಿ ನಿಮ್ಮದನ್ನು ಕಂಡುಕೊಂಡಿದ್ದೀಯ ಎಂದರು. ಅಮೃತಾ ಇಷ್ಟು ವರ್ಷ ಕಾದಿದ್ದು ಆ ಮಾತಿಗೇ. ಕೊನೆಗೆ ನಡುಮನೆಯ ಬಟ್ಟೆ ಬಾಗಿಲು ಎಳೆದು ಚಾಪೆಯ ಮೇಲೆ ಕೂತರು.

"ಎಷ್ಟು ಖಾಲಿ ಇಟ್ಟಿದೀಯ ಈ ಜಾಗಾನ," ಎಂದರು ಮೇಡಂ. "ಯಾರದೂ ಒಂದು ಸಾಮಾನಿಲ್ಲ. ನಮ್ಮ ಜನಕ್ಕೆ ಇದೇ ಕಷ್ಟ. ಎಷ್ಟು ಜನ ಇದೀರಿ ಮನೇಲಿ?"

"ನಾಲ್ಕೇ ಜನ, ಮೇಡಂ."

ಹೇಳಿದ ಮೇಲೆ ಅವಳಿಗೆ ಬಟ್ಟೆಯ ಆಚೆ ಬಳೆಯ ಸದ್ದು ಕೇಳಿಸಿತು. ಬಾಗಿಲು ನಿಧಾನಕ್ಕೆ ಸರಿಯಿತು. ಗೀತಾಂಜಲಿ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು. ಕಪ್ಪುಗಳನ್ನು ಇಟ್ಟಳು. ಮಂಡಕ್ಕಿ, ಮೆಣಸಿನಕಾಯಿ ಇಟ್ಟಳು. ಮೇಡಂ ಅವಳನ್ನು ಮನೆಗೆಲಸದವಳೆಂದು ತಿಳಿದು, ಖಾರ ಜಾಸ್ತಿಯೇನಮ್ಮ ಎಂದು ಕೇಳಿದರು. ಇಲ್ರಿ ಎಂದಳು ಗೀತಾಂಜಲಿ. ಇವರು ನಮ್ಮವರ ಅಕ್ಕ ಎಂದು ಹೇಳಲು ಅಮೃತಾಗೆ ಆಗಲೂ ಅವಕಾಶವಿತ್ತು. ಹೇಳಿದರೆ ಇವರ ಕೋಣೆ ಯಾವುದು ಎಂದು ಮೇಡಂ ಕೇಳುತ್ತಿದ್ದರು. ಅವಳು ಚಹಾ ಕುಡಿದಳು. ಬಾಗಿಲು ಮತ್ತೆ ಸರಿಯಿತು.

ಆ ಸಂಜೆ ಗೀತಾಂಜಲಿ ಯಂತ್ರವನ್ನು ಬಚ್ಚಲ ಹಿಂದಿನಿಂದ ಮೊದಲಿನ ಜಾಗಕ್ಕೆ ತರಲಿಲ್ಲ. ಆ ವಾರದಲ್ಲೇ ಒಂದು ಬೆಳಿಗ್ಗೆ ಅಂಗಡಿಯ ಹಮಾಲ ಹುಲುಗಣ್ಣನನ್ನು ಕರೆದು ಅದನ್ನು ಕೈಗಾಡಿಯಲ್ಲಿ ಹಳೇ ಮನೆಗೆ ಸಾಗಿಸಿದಳು. ಕುಬಸದ ಗಿರಾಕಿಗಳಿಗೆ ಕೂಡ್ಲಿಗಿ ರಸ್ತೆ ದೂರವಾಗುತ್ತದೆ, ಹಗಲು ಅಲ್ಲಿದ್ದು ಸಂಜೆ ಬರುತ್ತೇನೆ ಎಂದಳು. ಕೆಲವು ದಿನ ಹಾಗೇ ನಡೆಯಿತು. ಮತ್ತೆ ಒಂದು ದಿನ, ಹೊಲಿಗೆ ಜಾಸ್ತಿ ಇದೆ, ಅಲ್ಲೇ ಮಲಗುತ್ತೇನೆ ಎಂದಳು. ಆ ಮೇಲೆ ಬರಲೇ ಇಲ್ಲ. ಬಂದು ಒಯ್ದದ್ದು ತನ್ನ ಟ್ರಂಕು ಮಾತ್ರ.

ಮನೆಯಲ್ಲಿ ಜಗಳ ಹತ್ತಿತು. ಮನೆ ಇದ್ದೂ ಮಗಳನ್ನು ಗೋದಾಮಿನಲ್ಲಿ ಇಟ್ಟಿದ್ದಾರೆ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಶಿವಯೋಗಪ್ಪನವರು ಹೆಂಡತಿಯ ಮೇಲೆ ರೇಗಿದರು. ಅಕ್ಕನದು ಮೊದಲಿಂದ ಹಟ ಎಂದ ಕೊಟ್ರಸ್ವಾಮಿ. ನಾಗಲಿಂಗಮ್ಮ ಅಮೃತಾಳನ್ನು ಜೊತೆಗೆ ಕರೆದುಕೊಂಡು ಹಳೇ ಮನೆಗೇ ಹೋದಳು. ಪಡಸಾಲೆಯ ತುಂಬ ಸಿಮೆಂಟು ಚೀಲ. ಅದರಾಚೆ ತನ್ನ ಕೋಣೆಯಲ್ಲಿ ಗೀತಾಂಜಲಿ ಯಂತ್ರ ತುಳಿಯುತ್ತಿದ್ದಳು.

"ಅಲ್ಲಿ ಹೋಗಿ ಅಲ್ಲೂ ಬಾಳಲಿಲ್ಲ, ಇಲ್ಲಿ ಬಂದು ಇಲ್ಲೂ ಬಾಳವಲ್ಲಿ," ಎಂದಳು ತಾಯಿ ಬಾಗಿಲಲ್ಲೇ ನಿಂತು. "ಏನು ಕಮ್ಮಿ ಆಗಿತ್ತು ನಿನಗ ಆ ಮನ್ಯಾಗ? ಹೇಳು."

ಗೀತಾಂಜಲಿ ಯಂತ್ರ ನಿಲ್ಲಿಸಿ ದಾರ ಕಡಿದಳು. ಅಮೃತಾಳ ಕಡೆ ಒಂದು ಸಲ ನೋಡಿದಳು. "ಏನೂ ಕಮ್ಮಿ ಆಗಿಲ್ಲವ್ವ. ನನಗ ಇಲ್ಲಿ ಹೊಲಿಗಿ ಚಲೋ ನಡಿತೈತಿ," ಎಂದಳು.

ನಾಗಲಿಂಗಮ್ಮ ದಾರಿಯುದ್ದಕ್ಕೂ ಮಗಳನ್ನು ಬೈಯುತ್ತ ಬಂದಳು. ಅಮೃತಾ ಪಕ್ಕದಲ್ಲೇ ನಡೆದಳು. ಒಂದು ಮಾತು ಆಡಿದ್ದರೆ ಆ ಬೈಗುಳ ತನ್ನ ಕಡೆ ತಿರುಗುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಅತ್ತೆಯ ಮುಖ ನೋಡಲು ಆಗದೆ ನೀರು ಕಾಯಿಸುವ ನೆಪದಲ್ಲಿ ಹಿತ್ತಲಿಗೆ ಹೋದಳು.

ಆ ಮೇಲೆ ಅವಳಿಗೆ ಅನ್ನ ರುಚಿಸಲಿಲ್ಲ. ಪಡಸಾಲೆಯಲ್ಲಿ ಯಾರಾದರೂ ಮನೆಯನ್ನು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಕೊಟ್ರಸ್ವಾಮಿ ಮೈ ಹುಷಾರಿಲ್ಲವೇ ಎಂದು ಕೇಳಿದ. ಹುಷಾರಿದ್ದೇನೆ ಎಂದಳು. ಕೊನೆಗೊಂದು ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಒಬ್ಬಳೇ ಹಳೇ ಮನೆಗೆ ನಡೆದಳು.

ಗೀತಾಂಜಲಿ ಕುಬಸಕ್ಕೆ ಕಾಜಾ ಹಾಕುತ್ತಿದ್ದಳು. ಅಮೃತಾ ಡಬ್ಬಿ ಕೆಳಗಿಟ್ಟು ನಿಂತಲ್ಲೇ ಶುರು ಮಾಡಿದಳು. ಆ ದಿನ ಮೇಡಂ ಮುಂದೆ ನಾನು ಎಂದಳು.

"ಕೇಳೈತಿ ನನಗ," ಎಂದಳು ಗೀತಾಂಜಲಿ. "ಆ ಬಟ್ಟಿ ನಾನ ಬಿಗಿದದ್ದು. ಎಷ್ಟು ತೆಳುವು ಐತಿ ಅಂತ ಗೊತ್ತಿಲ್ಲೇನು?"

"ತಪ್ಪಾತ್ರಿ ಅಕ್ಕಾರ."

"ನಾಕು ಮಂದಿ ಅಂದದ್ದಕ್ಕ ನಾ ಬಂದಿಲ್ಲ ಅಮೃತಾ. ನಕ್ಷಿ ತೋರಿಸಿದ ದಿನಾನ ಗೊತ್ತಾಗಿತ್ತು ನನಗ, ನಾ ಅದರಾಗ ಇಲ್ಲ ಅಂತ. ಗೊತ್ತಾಗೇ ಮಣ್ಣು ತುಳದೆ. ತುಳದ್ರ ಒಂದು ಮೂಲಿ ಸಿಕ್ಕೀತು ಅನ್ಕೊಂಡಿದ್ದೆ." ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ದಿನಾ ಬೆಳಿಗ್ಗಿ ಹಾಸಿಗಿ ಮುಚ್ಚಿಡೋದು, ನಾ ಇದ್ದದ್ದ ಸುಳ್ಳು ಅನ್ನೋ ಹಂಗ. ಹರಪನಹಳ್ಳ್ಯಾಗೂ ಕಡಿಕಡಿಗಿ ಹಂಗ ಇದ್ದೆ."

ಅಮೃತಾ ಸಿಮೆಂಟು ಚೀಲದ ಮೇಲೆ ಕೂತು ಅತ್ತಳು. ಗೀತಾಂಜಲಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ಅವಳ ಕೈಗೂ ಕೊಟ್ಟಳು. ಇಬ್ಬರೂ ಉಂಡರು.

ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, ನಾಗಲಿಂಗಮ್ಮ ಮತ್ತೆ ಮಗಳ ಹಟದ ಮಾತು ತೆಗೆದಳು. ಅಮೃತಾ ಅನ್ನದ ಪಾತ್ರೆ ಕೆಳಗಿಟ್ಟಳು. ತಪ್ಪು ಅಕ್ಕನದಲ್ಲ, ತನ್ನದು ಎಂದು ಎಲ್ಲ ಹೇಳಿದಳು: ಯಂತ್ರ ಬಚ್ಚಲ ಹಿಂದೆ ಇಡಿಸಿದ್ದು, ಮೇಡಂ ಕೇಳಿದ್ದು, ತಾನು ಹೇಳಿದ್ದು.

ಕೊಟ್ರಸ್ವಾಮಿ ಕೈ ತಡೆದು ಕೂತ. "ಅಕ್ಕನ್ನ ಮರ್ತಿದ್ದಿಯೇನು?"

"ಮರ್ತಿರಲಿಲ್ಲ," ಎಂದಳು ಅಮೃತಾ.

ನಾಗಲಿಂಗಮ್ಮನ ಮುಖ ಕೆಂಪಾಯಿತು. ಇಷ್ಟು ದಿನ ಹೆತ್ತ ಮಗಳನ್ನು ತನ್ನ ಬಾಯಿಂದಲೇ ಬೈಯಿಸಿ ಸುಮ್ಮನೆ ನಿಂತಿದ್ದೆಯಲ್ಲ ಎಂದು ಕೇಳಿದಳು. ಇನ್ನೂ ಏನೇನೋ ಬರುತ್ತಿತ್ತು. ಶಿವಯೋಗಪ್ಪನವರು ಹೆಂಡತಿಗೆ ಸುಮ್ಮನಿರು ಎಂದರು.

"ನಕ್ಷಿ ನನ್ನ ಮುಂದೂ ಹಾಸಿದ್ಲು," ಎಂದರು. "ಗ್ವಾಡಿ ಮಳಿಗಿ ನಿಂತೀತೇನು ಅಂತ ಕೇಳಿದೆ. ನೀ ದೇವ್ರ ಜಗಲಿ ಕೇಳಿದಿ. ನನ್ನ ಮಗಳ ಕೋಣಿ ಎಲ್ಲಿ ಅಂತ ನಾವಿಬ್ಬರೂ ಕೇಳಲಿಲ್ಲ." ಅವರು ಊಟ ಬಿಟ್ಟು ಎದ್ದರು.

ಅಮೃತಾ ತನ್ನ ಕೆಲಸದ ಕೋಣೆ ಖಾಲಿ ಮಾಡಿದಳು. ನಕ್ಷೆಯ ಹಲಗೆಯನ್ನು ಮಲಗುವ ಕೋಣೆಯ ಮಂಚದ ಹಿಂದೆ ನಿಲ್ಲಿಸಿದಳು. ಖಾಲಿಯಾದ ಆ ಕೋಣೆಗೂ ನಡುಮನೆಗೂ ನಡುವೆ ಇದ್ದದ್ದು ಬಟ್ಟೆ ಬಾಗಿಲೇ. ಅದನ್ನು ಕೀಳಿಸಿ ಅಲ್ಲಿ ಗೋಡೆ ಎಬ್ಬಿಸಲು ಹೇಳಿದಳು. ಮಂಜಣ್ಣ ಬೇವಿನ ಹಲಗೆಯ ಗಟ್ಟಿ ಕದ ಮಾಡಿ, ಅಗಳಿಯನ್ನು ಒಳಗಡೆಗೆ ಇಟ್ಟ. ಗಿಲಾವಿನ ಮಣ್ಣನ್ನು ಈ ಸಲ ಅಮೃತಾ ತಾನೇ ತುಳಿದಳು. ಹುಲ್ಲಿನ ಚೂರು ಅಂಗಾಲಿಗೆ ಚುಚ್ಚಿ ಕುಂಟುತ್ತ ಓಡಾಡಿದಳು. ನಾಗಲಿಂಗಮ್ಮ ಅವಳ ಜೊತೆ ಮಾತು ಬಿಟ್ಟಿದ್ದರೂ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಅವಳ ಹತ್ತಿರ ತಂದು ಕುಕ್ಕಿ ಹೋದಳು.

ಗೋಡೆ ಒಣಗಿದ ಮೇಲೆ ಶಿವಯೋಗಪ್ಪನವರು ತಾವೇ ಹೋಗಿ ಮಗಳನ್ನು ಊಟಕ್ಕೆ ಕರೆತಂದರು. ಗೀತಾಂಜಲಿ ಕೋಣೆಯೊಳಗೆ ನಿಂತು ಸುತ್ತ ನೋಡಿದಳು. ಕಿಟಕಿಯ ಬೆಳಕಿಗೆ ಕೈ ಚಾಚಿದಳು. ಹೊಲಿಗೆಗೆ ಇಂಥ ಬೆಳಕು ಬೇಕು ಎಂದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಊಟಕ್ಕೆ ಹೋಳಿಗೆ ಮಾಡಿದ್ದರು. ತಾಯಿ ತುಪ್ಪ ಸುರಿಯುತ್ತ, ಸಾಕು ಎಂದರೂ ನಿಲ್ಲಿಸಲಿಲ್ಲ. ಉಂಡು ಎಲೆ ಅಡಿಕೆ ಹಾಕಿಕೊಂಡ ಮೇಲೆ ಗೀತಾಂಜಲಿ, ನಾಳೆ ಕೊಡಬೇಕಾದ ಕುಬಸಗಳಿವೆ ಎಂದು ಎದ್ದಳು. ಯಾರೂ ತಡೆಯಲಿಲ್ಲ, ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಅಮೃತಾ ರಸ್ತೆಯವರೆಗೆ ಜೊತೆಗೆ ನಡೆದಳು. ಕೋಣೆ ನಿಮ್ಮದೇ, ಬೇರೆ ಯಾರೂ ಅದನ್ನು ಬಳಸುವುದಿಲ್ಲ ಎಂದಳು. ಗೀತಾಂಜಲಿ ತಲೆಯಾಡಿಸಿದಳು. ಇನ್ನೂ ಸಿಟ್ಟಿದೆಯೇ ಎಂದು ಅಮೃತಾ ಕೇಳಿದಳು.

"ಇಲ್ಲ," ಎಂದಳು ಗೀತಾಂಜಲಿ. "ಮೊದ್ಲು ಸಿಟ್ಟಿಗೇ ಹೋದೆ. ಈಗ ಹಂಗಲ್ಲ. ಬೆಳಿಗ್ಗಿ ಎದ್ದು ಹಾಸಿಗಿ ಹಂಗ ಬಿಟ್ಟು ಚಾ ಕುಡಿತೀನಿ. ಬ್ಯಾಸರಾದ್ರ ಮತ್ತ ಮಕ್ಕೋತೀನಿ. ಹಿಂಗ ಇರಬೋದು ಅಂತ ಗೊತ್ತಿರಲಿಲ್ಲ ನನಗ." ಸೆರಗು ಹೊದ್ದುಕೊಂಡಳು. "ಇದನ್ನ ನೀ ನಿನ್ನ ಪಾಪ ಅಂತ ಹೊತ್ಕೊಂಡು ತಿರುಗಬ್ಯಾಡ. ನಿನ್ನಿಂದ ಚಲೋ ಆತು ಅಂತನೂ ಅನ್ಕೋಬ್ಯಾಡ. ಹಬ್ಬಕ್ಕ ಬರ್ತೀನಿ."

ಕೂಡ್ಲಿಗಿ ಕಡೆಯ ಬಸ್ಸೊಂದು ದೂಳೆಬ್ಬಿಸಿ ಹೋಯಿತು. ಅದು ಅಡಗುವ ಹೊತ್ತಿಗೆ ಗೀತಾಂಜಲಿ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದಳು.

ಅಮೃತಾ ಹಿಂದಿರುಗಿದಾಗ ನಾಗಲಿಂಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಸೊಸೆಯೊಡನೆ ಬಾಯಿ ಬಿಟ್ಟಳು.

"ಏನಂದ್ಲು? ಬರ್ತಾಳಂತೇನು?"

"ಹಬ್ಬಕ್ಕ ಬರ್ತಾರಂತ್ರಿ."

"ಹಬ್ಬಕ್ಕ ಅಂದ್ರ," ಎಂದಳು ನಾಗಲಿಂಗಮ್ಮ, "ನೆಂಟರು ಬಂದಂಗ ಬರ್ತಾಳೇನು ನನ್ನ ಮಗಳು?"

ಅಮೃತಾ ಒಳಗೆ ಹೋಗಿ ಉಂಡ ತಟ್ಟೆಗಳನ್ನು ಒಂದೊಂದಾಗಿ ಎತ್ತತೊಡಗಿದಳು.